ಮೂರು ಸಲ ತೊಳೆದರೂ ಹೊಟ್ಟೆ ಕೆಟ್ಟಿತು, ತಪ್ಪು ಯಾರದು?

ಪ್ರಶ್ನೆ: ರಜೆಯ ದಿನ ಕುರಿ ಮಾಂಸ, ಸ್ವಲ್ಪ ಕೈಮಾ, ಒಂದು ಕೋಳಿ ತಂದಿದ್ದೆವು. ಕೋಳಿಯನ್ನು ಕಣ್ಣೆದುರೇ ಕೊಯ್ದು ಕೊಟ್ಟರು, ಇನ್ನೂ ಬಿಸಿ ಇತ್ತು. ಮನೆಗೆ ತಂದು ಉಪ್ಪು, ವಿನೆಗರ್ ಹಾಕಿ ನಲ್ಲಿಯ ಕೆಳಗೆ ಮೂರು ಸಲ ತೊಳೆದೆ. ಚೆನ್ನಾಗಿ ಬೇಯಿಸಿದೆ. ಆದರೂ ಎರಡು ದಿನ ಬಿಟ್ಟು ನನಗೆ, ನನ್ನ ಗಂಡನಿಗೆ, ಆರು ವರ್ಷದ ಮಗಳಿಗೆ ಜ್ವರ, ಹೊಟ್ಟೆನೋವು, ಭೇದಿ. ವಿಚಿತ್ರ ಅಂದರೆ ಎಲ್ಲರಿಗಿಂತ ಜಾಸ್ತಿ ಮಾಂಸ ತಿಂದಿದ್ದು ನಮ್ಮ ಮಾವ. ಅವರಿಗೆ ಏನೂ ಆಗಲಿಲ್ಲ! ಅವರು ಹಸಿ ತರಕಾರಿ ಮುಟ್ಟುವುದಿಲ್ಲ, ಅವತ್ತು ಸಲಾಡ್ ತಿಂದಿದ್ದು ನಾವು ಮೂವರೇ. ಮಾಂಸ ಕೆಂಪಗಿತ್ತು, ಕೆಟ್ಟ ವಾಸನೆಯೂ ಇರಲಿಲ್ಲ. ಹಾಗಾದರೆ ರೋಗ ಬಂದಿದ್ದು ಎಲ್ಲಿಂದ? ಕಸಾಯಿಖಾನೆಯಿಂದಲೋ, ಅಂಗಡಿಯಿಂದಲೋ? ಅಂಗಡಿಯಲ್ಲಿ ಒಂದೇ ಬಟ್ಟೆಯಲ್ಲಿ ಚಾಕು, ಕೈ, ಕೊರಡು ಎಲ್ಲವನ್ನೂ ಒರೆಸುತ್ತಿದ್ದರು. ಇನ್ನು ಮುಂದೆ ಪ್ಯಾಕೆಟ್ ಮಾಂಸವನ್ನೇ ತರಬೇಕಾ? ಫ್ರೀಜರ್‌ನಲ್ಲಿ ಅದೇ ಕೋಳಿಯ ಅರ್ಧ ಉಳಿದಿದೆ. ಎಸೆದುಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಸಲಾಡ್ ವಿಷಯ ಬರೆದಿದ್ದೀರಲ್ಲ, ಅದು ತುಂಬಾ ಒಳ್ಳೆಯದಾಯಿತು. ಅರ್ಧ ಉತ್ತರ ಅಲ್ಲೇ ಇದೆ.

ಬೆಂದ ಮಾಂಸವನ್ನು ಜಾಸ್ತಿ ತಿಂದವರು ಚೆನ್ನಾಗಿದ್ದಾರೆ. ಹಸಿ ತರಕಾರಿ ತಿಂದ ಮೂವರೂ ಮಲಗಿದ್ದಾರೆ. ಮಾಂಸವೇ ಸರಿಯಾಗಿ ಬೆಂದಿರದಿದ್ದರೆ ಮೊದಲು ಮಲಗಬೇಕಾಗಿದ್ದವರು ನಿಮ್ಮ ಮಾವ. ರೋಗ ಶುರುವಾದ ಸಮಯವೂ ಸುಳಿವು ಕೊಡುತ್ತದೆ. ಊಟವಾದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗಿದ್ದರೆ ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷದ ಮೇಲೆ ಅನುಮಾನ ಪಡುತ್ತಿದ್ದೆ. ಎರಡು ದಿನ ಬಿಟ್ಟು ಜ್ವರ, ಭೇದಿ ಎಂದರೆ ಕ್ಯಾಂಪಿಲೋಬ್ಯಾಕ್ಟರ್ ಅಥವಾ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಹೆಚ್ಚು. ಮೊದಲನೆಯದು ಸಾಮಾನ್ಯವಾಗಿ 2ರಿಂದ 5 ದಿನ ತೆಗೆದುಕೊಳ್ಳುತ್ತದೆ, ಎರಡನೆಯದು 6ರಿಂದ 72 ಗಂಟೆ. ಯಾವುದು ಎಂದು ಮಲ ಪರೀಕ್ಷೆ ಮಾತ್ರ ಖಚಿತವಾಗಿ ಹೇಳಬಲ್ಲದು. ಆದರೆ ದಾರಿ ಮಾತ್ರ ನನಗೆ ಸ್ಪಷ್ಟವಾಗಿ ಕಾಣುತ್ತಿದೆ. ಹಸಿ ಕೋಳಿಯಿಂದ ಸಿಂಕಿಗೆ, ಕೈಗೆ ಅಥವಾ ಹಲಗೆಗೆ, ಅಲ್ಲಿಂದ ಸಲಾಡ್‌ಗೆ.

ಹಾಗಂತ ತಪ್ಪೆಲ್ಲ ನಿಮ್ಮ ಅಡುಗೆಮನೆಯದೇ ಎಂದು ನಾನು ಹೇಳುತ್ತಿಲ್ಲ. ಬ್ಯಾಕ್ಟೀರಿಯಾ ನಿಮ್ಮ ಮನೆಯಲ್ಲಿ ಹುಟ್ಟಲಿಲ್ಲ, ಮಾಂಸದ ಜೊತೆ ಬಂತು. ಅದು ಮಾಂಸಕ್ಕೆ ಹತ್ತಿದ್ದು ಎಲ್ಲಿ ಎಂದು ಹಿಂದಕ್ಕೆ ನಡೆದು ನೋಡೋಣ.

ಆರೋಗ್ಯವಾಗಿರುವ ಪ್ರಾಣಿಯ ಮಾಂಸಖಂಡದ ಒಳಭಾಗದಲ್ಲಿ ಬ್ಯಾಕ್ಟೀರಿಯಾ ಇಲ್ಲ ಎನ್ನುವಷ್ಟು ಕಡಿಮೆ. ಇದನ್ನು ಹೇಳಿದಾಗ ಜನ ನಂಬುವುದಿಲ್ಲ. ಬ್ಯಾಕ್ಟೀರಿಯಾ ತುಂಬಿರುವುದು ಎರಡು ಕಡೆ: ಹೊರಗಿನ ಚರ್ಮ, ಕೂದಲು, ಗೊರಸು ಅಥವಾ ಪುಕ್ಕದಲ್ಲಿ, ಮತ್ತು ಒಳಗಿನ ಕರುಳಿನಲ್ಲಿ. ಇವೆರಡರ ನಡುವೆ ಇರುವ ಮಾಂಸವನ್ನು ಎರಡಕ್ಕೂ ತಾಗಿಸದೆ ಹೊರತೆಗೆಯುವುದೇ ಕಸಾಯಿಖಾನೆಯ ಇಡೀ ಕಸುಬು. ಕೇಳಲು ಸುಲಭ. ಮಾಡಿ ನೋಡಿದರೆ ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ.

ಪಶುವೈದ್ಯನಾಗಿ ಮಾಂಸ ಪರೀಕ್ಷೆಯ ಕೆಲಸ ಮಾಡುವಾಗ ನನ್ನ ಕಣ್ಣು ಮೊದಲು ಹೋಗುವುದು ಚರ್ಮ ಸುಲಿಯುವವರ ಕೈಗೆ. ಒಂದು ಕೈ ಚರ್ಮದ ಹೊರಭಾಗವನ್ನು ಹಿಡಿದು ಎಳೆಯುತ್ತಿರುತ್ತದೆ, ಇನ್ನೊಂದು ಕೈಯಲ್ಲಿ ಚಾಕು. ಹೊರಚರ್ಮ ಮುಟ್ಟಿದ ಕೈ ಮಾಂಸವನ್ನು ಮುಟ್ಟಬಾರದು. ಚರ್ಮವನ್ನು ಮೊದಲು ಸೀಳಿದ ಚಾಕುವನ್ನು ಬಿಸಿನೀರಲ್ಲಿ ಅದ್ದದೆ ಮತ್ತೆ ಬಳಸಬಾರದು. ಒಳ್ಳೆಯ ಕಡೆ ಒಬ್ಬೊಬ್ಬರಿಗೂ ಎರಡು ಚಾಕು ಇರುತ್ತದೆ. ಒಂದು ಕೈಯಲ್ಲಿದ್ದರೆ ಇನ್ನೊಂದು 82 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮುಳುಗಿರುತ್ತದೆ. ಅವಸರದ ದಿನ ಈ ಅದಲು ಬದಲು ನಿಂತುಹೋಗುತ್ತದೆ. ನಿಂತಿದ್ದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಮಾಂಸ ಎರಡೂ ದಿನ ಒಂದೇ ಥರ ಕಾಣುತ್ತದೆ.

ಎರಡನೆಯ ಕಷ್ಟದ ಗಳಿಗೆ ಹೊಟ್ಟೆ ಸೀಳುವುದು. ಗುದದ್ವಾರವನ್ನು ಬಿಡಿಸಿ ಚೀಲ ಹಾಕಿ ಕಟ್ಟಬೇಕು, ಅನ್ನನಾಳವನ್ನೂ ಕಟ್ಟಬೇಕು, ಆಮೇಲೆ ಕರುಳನ್ನು ಇಡಿಯಾಗಿ ಇಳಿಸಬೇಕು. ಚಾಕುವಿನ ತುದಿ ಸ್ವಲ್ಪ ಜಾರಿದರೂ ಸಗಣಿ ಮಾಂಸದ ಮೇಲೆ. ಒಂದು ಗ್ರಾಂ ಸಗಣಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಹೀಗಾದಾಗ ಆ ಜಾಗವನ್ನು ಚಾಕುವಿನಿಂದ ಕೆತ್ತಿ ತೆಗೆಯುವುದು ಸರಿಯಾದ ಕ್ರಮ. ಒಂದು ಬಕೆಟ್ ನೀರು ಸುರಿದರೆ ಕಣ್ಣಿಗೆ ಕಾಣುವ ಕೊಳೆ ಹೋಗುತ್ತದೆ, ಬ್ಯಾಕ್ಟೀರಿಯಾ ಮಾತ್ರ ಇಡೀ ಮೈಗೆ ಹರಡುತ್ತದೆ. ನೀರು ಸುರಿದ ಕೂಡಲೇ ‘ಈಗ ಕ್ಲೀನ್ ಆಯ್ತು’ ಎನ್ನುವವರ ಜೊತೆ ನಾನು ಮಾಡಿದಷ್ಟು ವಾದವನ್ನು ಇನ್ನಾರ ಜೊತೆಯೂ ಮಾಡಿಲ್ಲ.

ಕೋಳಿಯ ಕಥೆ ಇನ್ನೂ ಕಷ್ಟ. ದೊಡ್ಡ ಪ್ರಾಣಿಯ ಚರ್ಮ ಸುಲಿದು ಬಿಸಾಡುತ್ತೇವೆ. ಕೋಳಿಯ ಚರ್ಮ ಎಷ್ಟೋ ಸಲ ಮಾಂಸದ ಜೊತೆಗೇ ಬರುತ್ತದೆ. ಪುಕ್ಕ ಸಡಿಲವಾಗಲಿ ಎಂದು ಕೋಳಿಗಳನ್ನು 50ರಿಂದ 60 ಡಿಗ್ರಿ ಆಸುಪಾಸಿನ ನೀರಿನಲ್ಲಿ ಅದ್ದುತ್ತಾರೆ. ಒಂದೇ ನೀರಿನಲ್ಲಿ ಒಂದರ ಹಿಂದೆ ಒಂದು ಕೋಳಿ ಮುಳುಗುತ್ತಾ ಹೋದರೆ ಒಂದರ ಹಿಕ್ಕೆ ಎಲ್ಲದಕ್ಕೂ ಅಂಟುತ್ತದೆ. ಆಮೇಲೆ ಪುಕ್ಕ ಕೀಳುವ ಯಂತ್ರ. ಅದರ ರಬ್ಬರ್ ಬೆರಳುಗಳು ಚರ್ಮವನ್ನು ಬಡಿಯುವಾಗ ಹೊಟ್ಟೆ ಒತ್ತಿ ಹಿಕ್ಕೆ ಹೊರಬರುತ್ತದೆ, ಪುಕ್ಕ ಕಿತ್ತ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಹೋಗಿ ಕೂರುತ್ತದೆ. ಇದಕ್ಕೇ ಕೊಯ್ಯುವ ಮುಂಚೆ 8ರಿಂದ 12 ಗಂಟೆ ಕೋಳಿಗೆ ಮೇವು ನಿಲ್ಲಿಸುವುದು. ಕರುಳು ಖಾಲಿ ಇದ್ದರೆ ಚೆಲ್ಲುವುದು ಕಡಿಮೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ಕ್ಯಾಂಪಿಲೋಬ್ಯಾಕ್ಟರ್ ಇಲ್ಲದ ಕೋಳಿ ಕೊಡುತ್ತೇವೆ ಎಂದು ಭರವಸೆ ಕೊಡುವುದು ಯಾರಿಗೂ ಕಷ್ಟ. ಅದು ಕೋಳಿಯ ಕರುಳಿನಲ್ಲಿ ಕೋಳಿಗೆ ಯಾವ ತೊಂದರೆಯನ್ನೂ ಕೊಡದೆ ಸುಮ್ನೆ ಇರುತ್ತದೆ. ನಮಗೆ ಕೆಲವು ನೂರು ಕಣ ಒಳಗೆ ಹೋದರೆ ಸಾಕು, ಮಲಗುತ್ತೇವೆ. ಒಂದು ಹನಿ ನೀರಿಗೆ ಅದಕ್ಕಿಂತ ಹೆಚ್ಚು ಹೊರುವ ಶಕ್ತಿ ಇದೆ.

ಈಗ ನಿಮ್ಮ ‘ಬಿಸಿ ಮಾಂಸ’ದ ವಿಷಯ. ಕಣ್ಣೆದುರು ಕೊಯ್ದ ಮಾಂಸ ಸುರಕ್ಷಿತ ಎನ್ನುವ ನಂಬಿಕೆಯಲ್ಲಿ ಸ್ವಲ್ಪ ಸತ್ಯ ಇದೆ. ಪ್ರಾಣಿ ಜೀವಂತವಾಗಿ, ಲವಲವಿಕೆಯಿಂದ ಇದ್ದುದನ್ನು ನೀವು ನೋಡಿದ್ದೀರಿ. ಸತ್ತ ಕೋಳಿಯನ್ನು ಕೊಯ್ದು ಕೊಟ್ಟಿಲ್ಲ ಎಂಬ ಖಾತ್ರಿ ಸಿಕ್ಕಿತು. ಬ್ಯಾಕ್ಟೀರಿಯಾ ಬೆಳೆಯಲು ಹೊತ್ತೂ ಆಗಿಲ್ಲ. ಆದರೆ ಕೊಯ್ಯುವಾಗಲೇ ಅಂಟಿದ್ದರೆ ಅದು ಬಿಸಿ ಮಾಂಸದಲ್ಲೂ ಇದ್ದೇ ಇರುತ್ತದೆ. ಇನ್ನೊಂದು ಮಾತು, ಬಿಸಿ ಮಾಂಸ ಎಂದರೆ ಸುಮಾರು 37 ಡಿಗ್ರಿಯ ಮಾಂಸ. ಅದು ಕರುಳಿನ ಬ್ಯಾಕ್ಟೀರಿಯಾ ಆದ ಇ. ಕೋಲಿಗೆ ಅತ್ಯಂತ ಇಷ್ಟವಾದ ಬಿಸಿ. ಎಲ್ಲ ಅನುಕೂಲವಾದರೆ ಈ ಬಿಸಿಯಲ್ಲಿ ಅದು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಶುರುವಿನಲ್ಲಿ ಸ್ವಲ್ಪ ಹೊತ್ತು ಬೆಳೆಯದೆ ಇರುತ್ತದೆ, ಆಮೇಲೆ ಓಡುತ್ತದೆ. ಲೆಕ್ಕ ಹಾಕಿ ನೋಡಿ: ಓಟ ಶುರುವಾದ ಮೇಲೆ ಒಂದೇ ಒಂದು ಕಣ 7 ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಹಾಗಾಗಿ ಬಿಸಿ ಮಾಂಸ ತಂದರೆ ಎರಡು ದಾರಿ. ಬೇಗ ಬೇಯಿಸಿ, ಇಲ್ಲವೇ ಬೇಗ ತಣ್ಣಗೆ ಮಾಡಿ. ಬೆಳಿಗ್ಗೆ ತಂದು ಮಧ್ಯಾಹ್ನದವರೆಗೆ ಪ್ಲಾಸ್ಟಿಕ್ ಚೀಲದಲ್ಲೇ ಅಡುಗೆಮನೆಯ ಕಟ್ಟೆ ಮೇಲೆ ಇಟ್ಟರೆ ಕಣ್ಣೆದುರು ಕೊಯ್ಸಿದ ಲಾಭವೆಲ್ಲ ಹೋಯಿತು.

ತಣ್ಣಗೆ ಮಾಡಿದ ಮಾಂಸ ‘ಹಳೇದು’ ಎಂದು ಮೂಗು ಮುರಿಯುವವರಿದ್ದಾರೆ. ಕಾರ್ಖಾನೆಗಳು ಮಾಂಸವನ್ನು ತಣ್ಣಗಾಗಿಸುವುದು ಬ್ಯಾಕ್ಟೀರಿಯಾದ ಓಟ ನಿಲ್ಲಿಸಲು. ಯುರೋಪಿನ ನಿಯಮದಲ್ಲಿ ಕುರಿ, ದನದಂಥ ಪ್ರಾಣಿಗಳ ಮಾಂಸದ ಒಳಗಿನ ಬಿಸಿ 7 ಡಿಗ್ರಿ ಮೀರಬಾರದು, ಲಿವರ್‌ನಂಥ ಒಳಭಾಗಗಳದ್ದು 3, ಕೋಳಿಯದು 4. ಏಳರ ಕೆಳಗೆ ಇ. ಕೋಲಿ ಬೆಳೆಯುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಮಾತ್ರ ಮೊಂಡ. ಫ್ರಿಜ್‌ನಲ್ಲೂ ನಿಧಾನವಾಗಿ ಬೆಳೆಯುತ್ತದೆ. ಅದಕ್ಕೇ ಬೇಯಿಸದೆ ನೇರವಾಗಿ ತಿನ್ನುವ ತಣ್ಣನೆಯ ಮಾಂಸದ ತಿನಿಸುಗಳಿಂದ ಗರ್ಭಿಣಿಯರು ದೂರ ಇರುವುದು ಒಳ್ಳೆಯದು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು, ಇದು ಮಾಂಸದಂಗಡಿಯಲ್ಲಿ ಯಾರೂ ಮಾತಾಡದ ವಿಷಯ. ಪ್ರಾಣಿ ಸತ್ತ ಮೇಲೆ ಮಾಂಸಖಂಡದಲ್ಲಿ ಉಳಿದಿದ್ದ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಲ್ಯಾಕ್ಟಿಕ್ ಆಮ್ಲ ಆಗುತ್ತದೆ. ಹುಳಿಯ ಅಳತೆಯಾದ ಪಿಎಚ್ (ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 7ರಿಂದ 5.5ರ ಹತ್ತಿರಕ್ಕೆ ಇಳಿಯುತ್ತದೆ. ಈ ಹುಳಿತನ ಬ್ಯಾಕ್ಟೀರಿಯಾಗೆ ಇಷ್ಟವಿಲ್ಲ. ಅಂದರೆ ಮಾಂಸ ತನ್ನನ್ನು ತಾನೇ ಸ್ವಲ್ಪ ಕಾಪಾಡಿಕೊಳ್ಳುತ್ತದೆ. ಆದರೆ ಕೊಯ್ಯುವ ಮುಂಚೆ ಪ್ರಾಣಿಯನ್ನು ದೂರ ನಡೆಸಿ, ಲಾರಿಯಲ್ಲಿ ತುಂಬಿ, ನೀರಿಲ್ಲದೆ, ಹೆದರಿಸಿ ಸುಸ್ತು ಮಾಡಿದ್ದರೆ ಗ್ಲೈಕೋಜನ್ ಮೊದಲೇ ಖರ್ಚಾಗಿರುತ್ತದೆ. ಆಗ ಪಿಎಚ್ 6ರ ಮೇಲೇ ನಿಲ್ಲುತ್ತದೆ. ಅಂಥ ಮಾಂಸ ಕಪ್ಪಾಗಿ, ಗಟ್ಟಿಯಾಗಿ, ಮುಟ್ಟಿದರೆ ಅಂಟುವ ಹಾಗೆ ಇರುತ್ತದೆ, ಬೇಗ ಕೆಡುತ್ತದೆ. ಪ್ರಾಣಿಯನ್ನು ಮೆಲ್ಲಗೆ, ಸಮಾಧಾನದಿಂದ ನೋಡಿಕೊಳ್ಳುವುದು ದಯೆಯ ವಿಷಯ ಮಾತ್ರ ಎಂದುಕೊಂಡವರಿಗೆ ನಾನು ಈ ಪಿಎಚ್ ಲೆಕ್ಕ ತೋರಿಸುತ್ತೇನೆ.

ಅಂಗಡಿಗೆ ಬರೋಣ. ನೀವು ಗಮನಿಸಿದ ಆ ಒದ್ದೆ ಬಟ್ಟೆ ನನಗೆ ಕೊರಡಿಗಿಂತ ಜಾಸ್ತಿ ಭಯ ಹುಟ್ಟಿಸುತ್ತದೆ. ಕೊರಡು ಕೊಳಕು ಅಂತ ಎಲ್ಲರೂ ಹೇಳುತ್ತಾರೆ. ನಿಜ, ಬಿರುಕುಬಿಟ್ಟ, ಯಾವಾಗಲೂ ಒದ್ದೆಯಾಗಿರುವ ಕೊರಡು ಅಪಾಯವೇ. ಆದರೆ ದಿನಾ ಕೆರೆದು, ಉಜ್ಜಿ ತೊಳೆದು, ಪೂರ್ತಿ ಒಣಗಿಸುವ ಮರದ ಮೇಲೆ ಬ್ಯಾಕ್ಟೀರಿಯಾ ಹೆಚ್ಚು ದಿನ ಬದುಕುವುದಿಲ್ಲ. ಚಾಕುವಿನ ಗೀರುಗಳಿಂದ ತುಂಬಿದ ಪ್ಲಾಸ್ಟಿಕ್ ಹಲಗೆ ಅದಕ್ಕಿಂತ ಮೇಲು ಎಂದೇನಿಲ್ಲ. ಬಟ್ಟೆ ಮಾತ್ರ ಎಂದೂ ಒಣಗುವುದಿಲ್ಲ. ಕೋಳಿಯ ರಕ್ತ ಒರೆಸಿದ ಬಟ್ಟೆಯಲ್ಲಿ ಚಾಕು ಒರೆಸುತ್ತಾರೆ, ಆ ಚಾಕುವಿನಲ್ಲಿ ಕುರಿ ಮಾಂಸ ಕೊಯ್ಯುತ್ತಾರೆ, ಅದೇ ಬಟ್ಟೆಯಲ್ಲಿ ಕೈ ಒರೆಸಿ ನೋಟು ಎಣಿಸುತ್ತಾರೆ. ಬಳಸಿ ಎಸೆಯುವ ಪೇಪರ್ ಮತ್ತು ಕೈತೊಳೆಯುವ ನಲ್ಲಿ, ಈ ಎರಡು ಇದ್ದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಅಂಗಡಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಹರಡುವುದು ಎಷ್ಟು ದೊಡ್ಡ ಅನಾಹುತ ಆಗಬಹುದು ಎಂದು 1996ರಲ್ಲಿ ಸ್ಕಾಟ್ಲೆಂಡ್‌ನ ಲ್ಯಾನರ್ಕ್‌ಶೈರ್‌ನಲ್ಲಿ ಗೊತ್ತಾಯಿತು. ಒಂದೇ ಮಾಂಸದಂಗಡಿಯಿಂದ ಹೊರಟ ಒ157 ಎಂಬ ಅಪಾಯಕಾರಿ ಬಗೆಯ ಇ. ಕೋಲಿ ನೂರಾರು ಜನರನ್ನು ಮಲಗಿಸಿತು. ಹಲವು ವೃದ್ಧರು ತೀರಿಕೊಂಡರು. ಅಲ್ಲಿ ಹಸಿ ಮಾಂಸ ಮತ್ತು ಬೇಯಿಸಿದ ಮಾಂಸ ಎರಡನ್ನೂ ಸರಿಯಾಗಿ ಬೇರೆ ಇಟ್ಟಿರಲಿಲ್ಲ. ಆಮೇಲೆ ಪ್ರೊಫೆಸರ್ ಹ್ಯೂ ಪೆನಿಂಗ್‌ಟನ್ ಅವರ ತಂಡ ಕೊಟ್ಟ ವರದಿಯಲ್ಲಿ ಒತ್ತಿ ಹೇಳಿದ ಮಾತು ಇದೇ: ಹಸಿಯದ್ದಕ್ಕೆ ಬೇರೆ ಜಾಗ, ಬೇರೆ ಚಾಕು, ಬೇರೆ ಯಂತ್ರ. ಅಂದರೆ ನಿಮ್ಮ ಮನೆಯ ಸಲಾಡ್‌ಗೆ ಆಗಿದ್ದೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಆಗಿತ್ತು.

ಕೈಮಾ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಇರುವುದು ಮೇಲ್ಮೈಯಲ್ಲಿ, ಅದು ಬೆಂಕಿಗೆ ಮೊದಲು ತಾಗುವ ಜಾಗ. ಅರೆದಾಗ ಮೇಲ್ಮೈ ಎಲ್ಲ ಒಳಗೆ ಹೋಗುತ್ತದೆ. ಅದರ ಮೇಲೆ ಯಂತ್ರದಲ್ಲಿ ಹಿಂದಿನ ಗಿರಾಕಿಯ ಮಾಂಸದ ಚೂರು, ಬೆಳಗಿನ ಚೂರು ಎಲ್ಲ ಸೇರುತ್ತದೆ. 1993ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ಸತ್ತರು. ಅದೂ ಒ157, ಅದೂ ಅರೆದ ಮಾಂಸ. ಕೈಮಾ ಬೇಕಿದ್ದರೆ ತುಂಡು ಮಾಂಸ ತಂದು ಮನೆಯಲ್ಲೇ ಅರೆಯುವುದು ನನ್ನ ಮೊದಲ ಸಲಹೆ. ಅಂಗಡಿಯಲ್ಲೇ ಅರೆಸುವುದಾದರೆ ಯಂತ್ರ ತೊಳೆದ ಕೂಡಲೇ, ಅಂದರೆ ಬಾಗಿಲು ತೆರೆದ ಹೊತ್ತಿಗೆ ಹೋಗಿ.

ಬಣ್ಣ, ವಾಸನೆ ನೋಡಿ ಮೋಸ ಹೋಗುವವರೇ ಜಾಸ್ತಿ. ಮಾಂಸದ ಕೆಂಪು ಮಯೋಗ್ಲೋಬಿನ್ ಎಂಬ ಬಣ್ಣದ್ದು. ಗಾಳಿ ತಾಗಿದರೆ ಹೊಳೆಯುವ ಕೆಂಪು, ಹೊತ್ತು ಹೋದಂತೆ ಕಂದು. ಕಂದಾದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ. ವಾಸನೆ, ಲೋಳೆ ಬರುವುದು ಸ್ಯೂಡೋಮೊನಾಸ್‌ನಂಥ ಕೊಳೆಸುವ ಬ್ಯಾಕ್ಟೀರಿಯಾದಿಂದ. ಒಂದು ಚದರ ಸೆಂಟಿಮೀಟರಿಗೆ ಕೋಟಿ ದಾಟಿದ ಮೇಲೆಯೇ ಮೂಗಿಗೆ ಗೊತ್ತಾಗುವುದು. ನಮ್ಮನ್ನು ಮಲಗಿಸುವ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ವಾಸನೆ ಬಂದರೆ ಎಸೆಯಿರಿ, ಅದು ಸರಿ. ವಾಸನೆ ಬಂದಿಲ್ಲ ಎಂದು ನಿಶ್ಚಿಂತೆಯಿಂದ ಇರಬೇಡಿ.

ತೊಳೆಯುವುದು. ಇದನ್ನು ಕೇಳಿ ನಿಮಗೆ ಬೇಸರ ಆಗಬಹುದು, ಎಷ್ಟೊಂದು ಶ್ರಮ ಪಟ್ಟಿದ್ದೀರಿ. ನಲ್ಲಿಯ ಕೆಳಗೆ ಕೋಳಿ ತೊಳೆದಾಗ ಹನಿಗಳು ಅರ್ಧ ಮೀಟರ್‌ಗೂ ದೂರ ಸಿಡಿಯುತ್ತವೆ. ಸಿಂಕಿನ ಪಕ್ಕದಲ್ಲಿ ಸೌತೆಕಾಯಿ ಇದ್ದರೆ ಅದರ ಮೇಲೂ. ಚರ್ಮದ ರಂಧ್ರಕ್ಕೆ ಅಂಟಿದ ಬ್ಯಾಕ್ಟೀರಿಯಾ ನೀರಿಗೆ ಬಿಡುವುದಿಲ್ಲ, ಮೇಲೆ ತೇಲಾಡುತ್ತಿದ್ದದ್ದು ಮಾತ್ರ ಅಡುಗೆಮನೆ ತುಂಬಾ ಹರಡುತ್ತದೆ. ಉಪ್ಪು, ವಿನೆಗರ್, ನಿಂಬೆಹಣ್ಣು ವಾಸನೆ ಕಡಿಮೆ ಮಾಡುತ್ತವೆ, ರುಚಿ ಕೊಡುತ್ತವೆ. ಬ್ಯಾಕ್ಟೀರಿಯಾ ಕೊಲ್ಲುವುದಕ್ಕೆ ಅವನ್ನು ನಂಬಬೇಡಿ. ದೊಡ್ಡ ಕಾರ್ಖಾನೆಗಳಲ್ಲಿ ಲ್ಯಾಕ್ಟಿಕ್ ಆಮ್ಲ ಅಥವಾ ಬಿಸಿನೀರಿನ ಸಿಂಪಡಣೆ ಇದೆ ನಿಜ. ಅದನ್ನು ಅಳತೆ, ಬಿಸಿ, ಸಮಯ ಎಲ್ಲ ಲೆಕ್ಕ ಹಾಕಿ ಮಾಡುತ್ತಾರೆ. ಅಷ್ಟಾದರೂ ಸಂಖ್ಯೆ ಇಳಿಯುತ್ತದೆ ಅಷ್ಟೇ, ಸೊನ್ನೆ ಆಗುವುದಿಲ್ಲ. ಮೂಳೆ ಚೂರು, ಪುಕ್ಕ ಇದ್ದರೆ ತೊಳೆಯದೆ ಹೇಗೆ ಎನ್ನುತ್ತೀರಾ? ಒದ್ದೆ ಪೇಪರ್‌ನಲ್ಲಿ ಒರೆಸಿ, ಪೇಪರ್ ಬಿಸಾಡಿ. ತೊಳೆಯದೆ ಮನಸ್ಸು ಒಪ್ಪದಿದ್ದರೆ ನಲ್ಲಿ ಬಿಡಬೇಡಿ. ಆಳವಾದ ಪಾತ್ರೆಯಲ್ಲಿ ನೀರು ಹಾಕಿ ಮಾಂಸ ಮುಳುಗಿಸಿ, ನಿಧಾನವಾಗಿ ಅಲುಗಾಡಿಸಿ ತೆಗೆಯಿರಿ. ಆ ನೀರನ್ನು ಸಿಡಿಯದ ಹಾಗೆ ಚೆಲ್ಲಿ, ಸಿಂಕ್, ನಲ್ಲಿಯ ಹಿಡಿ, ಕೈ ಮೂರನ್ನೂ ಸೋಪಿನಿಂದ ತೊಳೆಯಿರಿ. ಸಲಾಡ್ ಹೆಚ್ಚಿ ಮುಚ್ಚಿಟ್ಟು, ಆಮೇಲೆ ಮಾಂಸಕ್ಕೆ ಕೈ ಹಾಕಿ. ಈ ಒಂದು ಅದಲುಬದಲು ಅವತ್ತು ನಿಮ್ಮ ಮೂವರನ್ನೂ ಉಳಿಸುತ್ತಿತ್ತು ಎಂದು ನನ್ನ ಅಂದಾಜು.

ಪ್ಯಾಕೆಟ್ ಮಾಂಸಕ್ಕೆ ಬದಲಾಗಬೇಕಾ? ಪ್ಯಾಕೆಟ್ಟಿನ ಅನುಕೂಲ ಎಂದರೆ ತಣ್ಣನೆಯ ಸರಪಳಿ ಮತ್ತು ಕೈ ತಾಗುವುದು ಕಡಿಮೆ. ಆ ಸರಪಳಿ ಒಂದು ಕಡೆ ಕಡಿದರೂ, ಉದಾಹರಣೆಗೆ ಗಾಡಿಯಲ್ಲಿ ಎರಡು ಗಂಟೆ ಬಿಸಿಲಿಗೆ ನಿಂತರೂ, ಪ್ಯಾಕೆಟ್ಟಿನ ಮೇಲಿನ ತಾರೀಖಿಗೆ ಅರ್ಥವಿಲ್ಲ. ಪ್ಯಾಕೆಟ್ ಉಬ್ಬಿದ್ದರೆ, ಒಳಗೆ ನೀರು ಜಾಸ್ತಿ ನಿಂತಿದ್ದರೆ, ಕರಗಿ ಮತ್ತೆ ಗಟ್ಟಿಯಾದ ಮಂಜಿನ ಹರಳು ಕಂಡರೆ ತರಬೇಡಿ. ಇನ್ನೊಂದು ಕಡೆ, ಮಾಂಸವನ್ನು ಫ್ರಿಜ್‌ನಲ್ಲಿಟ್ಟು, ಬೇಕಾದಷ್ಟೇ ಹೊರತೆಗೆದು ಕೊಯ್ಯುವ, ನಡುನಡುವೆ ಕೈ ತೊಳೆಯುವ ಸಣ್ಣ ಅಂಗಡಿಯನ್ನು ನಾನು ಕಣ್ಣುಮುಚ್ಚಿ ಒಪ್ಪುತ್ತೇನೆ. ನಿಮ್ಮ ಅಂಗಡಿಯವರಿಗೆ ಒಂದು ಮಾತು ಹೇಳಿ ನೋಡಿ: ಕೋಳಿಗೆ ಬೇರೆ ಚಾಕು, ಬೇರೆ ಹಲಗೆ, ಆ ಬಟ್ಟೆ ಬೇಡ. ಜಗಳದ ದನಿಯಲ್ಲಿ ಬೇಡ, ಗಿರಾಕಿಯಾಗಿ ಕೇಳಿ. ಕೇಳುವ ಗಿರಾಕಿಗಳು ನಾಲ್ಕು ಜನ ಆದರೆ ಅಂಗಡಿ ಬದಲಾಗಿದ್ದನ್ನು ನಾನು ನೋಡಿದ್ದೇನೆ. ಇನ್ಸ್‌ಪೆಕ್ಟರ್ ಬಂದು ಹೋದಾಗ ಆಗುವ ಬದಲಾವಣೆ ಅಷ್ಟು ದಿನ ಉಳಿಯುವುದಿಲ್ಲ. ಕೇಳಿಯೂ ಬದಲಾಗದಿದ್ದರೆ ಅಂಗಡಿ ಬದಲಿಸಿ.

ಬೇಯಿಸುವುದರಲ್ಲಿ ನೀವು ಗೆದ್ದಿದ್ದೀರಿ, ಮಾವನೇ ಸಾಕ್ಷಿ. ಮಾಂಸದ ನಡುಭಾಗ 70 ಡಿಗ್ರಿಯಲ್ಲಿ 2 ನಿಮಿಷ ಇದ್ದರೆ ಈ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಕೋಳಿಗೆ 74 ಎಂದು ಇಟ್ಟುಕೊಳ್ಳಿ. ಅಡುಗೆ ಥರ್ಮಾಮೀಟರ್ ಇದ್ದರೆ ಊಹೆಯ ಅಗತ್ಯ ಇಲ್ಲ. ಕೈಮಾ ಮಾತ್ರ ಒಳಗೆ ಬೇಯುವ ಮುಂಚೆಯೇ ಕಂದಾಗಬಹುದು, ಬಣ್ಣ ನೋಡಿ ಇಳಿಸಬೇಡಿ. ಬೆಂದ ಮೇಲೆ ಮರೆಯುವ ವಿಷಯ ಒಂದಿದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಬದುಕುತ್ತವೆ. ದೊಡ್ಡ ಪಾತ್ರೆಯ ಸಾರು ಇಡೀ ರಾತ್ರಿ ಹೊರಗೆ ನಿಧಾನವಾಗಿ ಆರಿದರೆ ಅವಕ್ಕೆ ಹಬ್ಬ. ಉಳಿದಿದ್ದನ್ನು ಅಗಲವಾದ ಸಣ್ಣ ಪಾತ್ರೆಗಳಿಗೆ ಹಾಕಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ.

ಮಗಳ ಬಗ್ಗೆ ಒಂದು ಎಚ್ಚರಿಕೆ. ಈಗ ಚೇತರಿಸಿಕೊಂಡಿದ್ದರೆ ಚಿಂತೆ ಬೇಡ. ಮುಂದೆ ಯಾವಾಗಲಾದರೂ ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮುಖ ಬಿಳಿಚಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒ157 ಥರದ ಇ. ಕೋಲಿ ಮಕ್ಕಳ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ, ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಅನ್ನಾಗಲಿ ನೀವೇ ಕೊಡಬೇಡಿ. ಆ ಕಾಯಿಲೆಯಲ್ಲಿ ಎರಡೂ ಕೆಡುಕು ಮಾಡಬಹುದು. ಓಆರ್‌ಎಸ್ ಕೊಡುತ್ತಾ ಹೊರಡಿ.

ಕೊನೆಗೆ ಫ್ರೀಜರ್‌ನಲ್ಲಿರುವ ಅರ್ಧ ಕೋಳಿ. ತಂದ ದಿನವೇ ಇಟ್ಟಿದ್ದು, ಮಧ್ಯದಲ್ಲಿ ಕರಗಿಲ್ಲ ಎಂದಾದರೆ ಎಸೆಯಬೇಕಿಲ್ಲ. ಫ್ರೀಜರ್ ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಲ್ಲುವುದಿಲ್ಲ, ಮಲಗಿಸುತ್ತದೆ. ಹಾಗಾಗಿ ಅದರಲ್ಲಿ ಇನ್ನೂ ಇದೆ ಎಂದೇ ತಿಳಿದು ಕೆಲಸ ಮಾಡಿ. ಹಿಂದಿನ ರಾತ್ರಿ ಅಂಚಿರುವ ತಟ್ಟೆಯಲ್ಲಿಟ್ಟು ಫ್ರಿಜ್‌ನ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ ಕರಗಲು ಬಿಡಿ, ಅದರ ನೀರು ಬೇರೆ ಏನಕ್ಕೂ ತೊಟ್ಟಿಕ್ಕಬಾರದು. ತೊಳೆಯದೆ ನೇರವಾಗಿ ಪಾತ್ರೆಗೆ ಹಾಕಿ. ತಟ್ಟೆಯನ್ನು ಸೋಪು, ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಕರೆಂಟ್ ಹೋಗಿ ಅದು ಒಮ್ಮೆ ಪೂರ್ತಿ ಕರಗಿ ಹೊರಗಿನಷ್ಟೇ ಬಿಸಿಯಲ್ಲಿ ಕೂತಿತ್ತು ಎಂದು ನೆನಪಿದ್ದರೆ ಮಾತ್ರ, ಹೌದು, ಎಸೆದುಬಿಡಿ.